ಓಗೊಡದ ಬಾಗಿಲುಗಳು

ಜರೀನಾ ಎಂಬ ಹುಡುಗಿ ನರ್ಸಿಂಗ್ ಓದಿ, ಹೊಳೆಸಾಲಿನ ಒಂದು ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆ ಕೆಲಸಕ್ಕಿದ್ದಳು. ಅವಳಿಗೆ ಇನ್ನೂ ಓದುವ ಆಸೆ. ರೋಗ ಬಂದ ಮೇಲೆ ಮದ್ದು ಕೊಡುವುದಕ್ಕಿಂತ, ಇಡೀ ಊರಿಗೇ ರೋಗ ಬಾರದಂತೆ ಕಾಯುವ ವಿದ್ಯೆ ಕಲಿಯಬೇಕೆಂದು. ಅದಕ್ಕಾಗಿ ಸಾರ್ವಜನಿಕ ಆರೋಗ್ಯದ ದೊಡ್ಡ ಓದಿಗೆ ಮೂರು ಕಡೆ ಅರ್ಜಿ ಹಾಕಿದ್ದಳು. ಒಂದು ಕಡೆಯವರು ಆಗುವುದಿಲ್ಲ ಅಂದರು. ಇನ್ನೊಂದು ಕಡೆಯವರು ಏನೂ ಅನ್ನಲಿಲ್ಲ. ಮೂರನೆಯ ಸಂಸ್ಥೆಯವರು ಸಂದರ್ಶನಕ್ಕೆ ಕರೆದು, ಮಾತಾಡಿಸಿ, ಕಾಯಿರಿ ಎಂದು ಕಳಿಸಿದ್ದರು.

ಅಂದಿನಿಂದ ಜರೀನಾಳಿಗೆ ಫೋನೇ ಲೋಕವಾಯಿತು. ಊಟಕ್ಕೆ ಕೂತಾಗ ನೋಡುತ್ತಿದ್ದಳು. ಮಗುವಿಗೆ ಲಸಿಕೆ ಹಾಕಿ ಹತ್ತಿ ಒತ್ತುತ್ತಲೇ ಎಡಗೈಯಲ್ಲಿ ನೋಡುತ್ತಿದ್ದಳು. ಯಾರಾದರೂ ಕರೆದರೆ ಎರಡನೇ ಕೂಗಿಗೂ ಅವಳಿಗೆ ಕೇಳಿಸುತ್ತಿರಲಿಲ್ಲ. ಕೊನೆಗೆ ಸಂಸ್ಥೆಯಿಂದ ಒಂದು ಸೂಚನೆ ಬಂತು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಫಲಿತಾಂಶ ಮೇಲ್ ಮಾಡುತ್ತೇವೆ. ಆಯ್ಕೆಯಾದವರು ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಬೇಕು. ತಿಳಿಸದಿದ್ದರೆ ಸೀಟು ಮುಂದಿನವರಿಗೆ.

ಆ ಗುರುವಾರವೇ ಹಿರಿಯ ಸಿಸ್ಟರ್ ಸೂಗಮ್ಮ ಅವಳ ಕೈಗೆ ರಿಜಿಸ್ಟರ್ ಕೊಟ್ಟು ಹೇಳಿದರು. "ಜರೀನಾ, ಗೋನಗಡ್ಡಿಗೆ ಹೋಗಿ ಬಾ. ಹನ್ನೊಂದು ಮನಿ ಅದಾವ. ಹೊಳಿ ತುಂಬಿ ಬಂದಾಗಿನಿಂದ ಮೂರು ವಾರ ಆತು, ನಮ್ಮವರು ಯಾರೂ ಅತ್ತಾಗ ಹೋಗಿಲ್ಲ."

ಗೋನಗಡ್ಡಿ ಅಂದರೆ ಹೊಳೆಯ ನಡುವಿನ ಸಣ್ಣ ನಡುಗಡ್ಡೆ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ದಂಡೆಯಲ್ಲೂ ಇಲ್ಲ. ದಂಡೆಯಿಂದ ಒಂದು ತಾಸು ನಡೆದು ಡಾಂಬರು ರಸ್ತೆಗೆ ಬಂದರೆ ಮಾತ್ರ.

"ಅಕ್ಕ, ನಾಳೆ ಹೋದ್ರ ನಡಿಯಂಗಿಲ್ಲೇನು?"

"ನೀ ಒಲ್ಲೆ ಅಂದ್ರ ನಾನೇ ಹೋಗ್ತೀನಿ, ತಗೋ," ಎಂದರು ಸೂಗಮ್ಮ. ಅವರ ಮೊಣಕಾಲು ಬಾತಿತ್ತು. ಜರೀನಾ ಲೆಕ್ಕ ಹಾಕಿದಳು. ಬೇಗ ಹೊರಟರೆ ಹನ್ನೆರಡೂವರೆಗೆ ರಸ್ತೆಗೆ ಬರಬಹುದು. ಚೀಲ ಹೆಗಲಿಗೇರಿಸಿ ಹೊರಟಳು.

ದಂಡೆಯಲ್ಲಿ ಅಂಬಿಗರ ದುರುಗಪ್ಪ ಹರಗೋಲು ಬಿಟ್ಟ. ಮಾತಿನ ಮನುಷ್ಯ ಅವನು, ಅಂದು ಅರ್ಧ ಹೊಳೆ ದಾಟುವ ತನಕ ಗಡ್ಡೆಯ ಕಡೆಗೇ ನೋಡುತ್ತ ಹುಟ್ಟು ಹಾಕಿದ. ಆಮೇಲೆ ಹುಟ್ಟು ನಿಲ್ಲಿಸಿ ಹೇಳಿದ. "ಅಕ್ಕಾರ, ನಾ ಗಡ್ಡಿ ಮ್ಯಾಲೆ ಇಳಿಯಂಗಿಲ್ಲ. ಹರಗೋಲಿನ್ಯಾಗ ಕುಂತಿರ್ತೀನಿ."

"ಯಾಕಪ್ಪಾ?"

"ಐದು ದಿನ ಆತು, ಅಲ್ಲಿಂದ ಒಬ್ಬರೂ ಈ ಕಡಿ ಬಂದಿಲ್ಲ. ಹೊಗಿ ಸೈತ ಏಳವಲ್ದು. ನಿನ್ನೆ ಮುಂಜಾನೆ ಗಡ್ಡಿ ಅಂಚಿನ ಆಪಿನ ಹುಲ್ಲಿನೊಳಗಿಂದ ಯಾರೋ ಕರದಂಗಾತು. 'ದುರುಗಪ್ಪಾ' ಅಂತ. ಒಂದೇ ಸಲ. ನೋಡಿದ್ರ ಯಾರೂ ಇಲ್ಲ. ಬರೇ ಆಪು ಅಲುಗ್ಯಾಡಕತ್ತಿತ್ತು."

"ನೀ ಏನಂದಿ?"

"ಏನಂತೀನ್ರಿ! ಬಾಯಿ ಮುಚ್ಚಿಗೊಂಡು ಕುಂತೆ. ಒಂದು ಸಲ ಕರೆಯೋದಕ್ಕ ಓ ಅನ್ನಬಾರದು."

ಜರೀನಾ ನಕ್ಕಳು. ಆದರೆ ಅವಳ ನಗು ನೀರಿನ ಮೇಲೆ ಯಾರದೋ ನಗುವಿನ ಹಾಗೆ ಕೇಳಿಸಿತು.

ಗಡ್ಡೆಗೆ ಕಾಲಿಟ್ಟಾಗ ಬಿಸಿಲು ಚೆನ್ನಾಗಿ ಏರಿತ್ತು. ಹೊಸಬರು ಬಂದರೆ ಮೈಮೇಲೆ ಬರುವ ನಾಯಿಗಳು ಬೇವಿನ ನೆರಳಲ್ಲಿ ಮಲಗಿಯೇ ಇದ್ದವು. ಒಂದು ತಲೆ ಎತ್ತಿ ನೋಡಿ ಮತ್ತೆ ನೆಲಕ್ಕಿಟ್ಟಿತು. ಹಗ್ಗದ ಮೇಲೆ ಬಟ್ಟೆ ಒಣಗಿ ಬಿರುಸಾಗಿದ್ದವು. ಕಟ್ಟಿದ ಎಮ್ಮೆಯ ಕೆಚ್ಚಲು ಕಲ್ಲಿನಂತಾಗಿ, ಹಾಲು ತಾನೇ ತೊಟ್ಟಿಕ್ಕುತ್ತಿತ್ತು. ಹನ್ನೊಂದು ಮನೆ, ಹನ್ನೊಂದೂ ಬಾಗಿಲು ಮುಚ್ಚಿದ್ದವು. ಪ್ರತಿ ಬಾಗಿಲ ಮೇಲೂ ಸುಣ್ಣದಲ್ಲಿ, ಒಂದೇ ಕೈ ಬರೆದಂಥ ಎರಡು ಮಾತು: ನಾಳೆ ಬಾ.

ಜರೀನಾಳಿಗೆ ಅದರ ಅರ್ಥ ಗೊತ್ತಿತ್ತು. ಊರಲ್ಲಿ ಸಾವು ಹೊಕ್ಕರೆ ಹಳಬರು ಹಾಗೆ ಬರೆಯುತ್ತಾರೆ. ಒಂದು ಹೆಣ್ಣು ಬಾಗಿಲಿಗೆ ಬರುತ್ತಾಳಂತೆ. ಮನೆಯವರ ಹೆಸರು ಹಿಡಿದು ಕರೆಯುತ್ತಾಳಂತೆ. ಓ ಅಂದವರು ಉಳಿಯುವುದಿಲ್ಲವಂತೆ. ಬರೆದದ್ದನ್ನು ಓದಿದರೆ ಆ ದಿನಕ್ಕೆ ಹಿಂದಿರುಗುತ್ತಾಳಂತೆ.

ಅವಳು ರಿಜಿಸ್ಟರ್ ತೆರೆದು ಮೊದಲ ಬಾಗಿಲಿಗೆ ಹೋದಳು. ಬರೆದ ಹೆಸರು ನೋಡಿ ಕರೆದಳು. "ಅಯ್ಯಮ್ಮಾ..."

ಉತ್ತರವಿಲ್ಲ. ಎರಡನೇ ಬಾಗಿಲು. "ಹನುಮಂತಿ..." ಮೂರನೇ ಬಾಗಿಲು. ನಾಲ್ಕನೇ ಬಾಗಿಲು. ಕರೆದಂತೆಲ್ಲ ಊರು ಇನ್ನಷ್ಟು ಮೌನವಾಯಿತು. ಒಳಗೆ ಯಾರೂ ಇಲ್ಲದ ಮೌನವಲ್ಲ ಅದು. ಒಳಗಿರುವವರು ಉಸಿರು ಬಿಗಿಹಿಡಿದ ಮೌನ.

ಗಡಿಯಾರ ನೋಡಿದಳು. ಹನ್ನೊಂದಕ್ಕೆ ಹತ್ತು ನಿಮಿಷ. ಪೆನ್ನು ತೆಗೆದು ನಾಲ್ಕು ಹೆಸರುಗಳ ಮುಂದೆ 'ಮನೆಗೆ ಬೀಗ' ಎಂದು ಬರೆದಳು. ಯಾರು ಬಂದು ನೋಡುತ್ತಾರೆ? ಇನ್ನು ಏಳು ಸಾಲು ಬರೆದರೆ ಮುಗಿಯಿತು.

ಐದನೇ ಬಾಗಿಲು ತಿಮ್ಮವ್ವ ಎಂಬವಳದು. ಜರೀನಾ ಕರೆಯಲೂ ಇಲ್ಲ. ಅಲ್ಲೇ ನಿಂತು 'ಮನೆಗೆ' ಎಂದು ಬರೆಯುತ್ತಿದ್ದಳು. ಕಾಲಿಗೆ ತಣ್ಣಗೆ ಏನೋ ತಗಲಿತು. ಬಗ್ಗಿ ನೋಡಿದಳು. ಹೊಸ್ತಿಲ ಕೆಳಗಿನಿಂದ ನೀರು ಸಣ್ಣಗೆ ಹರಿದು ಬರುತ್ತಿತ್ತು. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಮೀನಿನಂಥ ವಾಸನೆ.

ಪುಸ್ತಕದಲ್ಲಿ ಓದಿದ್ದಳು, ಕಣ್ಣಾರೆ ಕಂಡಿರಲಿಲ್ಲ. ಕಾಲರಾ.

ಅವಳು ತಟ್ಟನೆ ಎದ್ದು ನಿಂತಳು. ಹಿಂದೆ ನೋಡಿದಳು. ಹೊಳೆ ಏರಿ ಇಳಿದಾಗ ಕೆಸರು ಬಾವಿಯ ಕಟ್ಟೆಯ ಮೇಲೆ ಗೆರೆ ಬಿಟ್ಟಿತ್ತು. ಊರೆಲ್ಲ ಕುಡಿಯುವುದು ಆ ಒಂದೇ ಬಾವಿಯ ನೀರು.

ಈಗ ಹರಗೋಲು ಹತ್ತಿದರೆ ಫಲಿತಾಂಶವೂ ಕಾಣುತ್ತದೆ, ಆಸ್ಪತ್ರೆಗೂ ಹೇಳಬಹುದು. ತಪ್ಪೇನಿಲ್ಲ ಅನ್ನಿಸಿತು. ಆದರೆ ಹೋಗಿ ಬರಲು ಮೂರು ತಾಸು ಬೇಕು. ಒಳಗಿನವರಿಗೆ ಮೂರು ತಾಸು ಇದೆಯೇ? ಅದು ಗೊತ್ತಿರಲಿಲ್ಲ. ರಿಜಿಸ್ಟರಿನ ಹಾಳೆ ಹರಿದು ಸೂಗಮ್ಮನಿಗೆ ನಾಲ್ಕು ಸಾಲು ಗೀಚಿ, ಓಡಿಹೋಗಿ ದುರುಗಪ್ಪನ ಕೈಗಿಟ್ಟಳು.

"ಇದನ್ನ ಸಿಸ್ಟರ್ ಕೈಗೇ ಕೊಡು. ಎಲ್ಲೂ ನಿಲ್ಲಬ್ಯಾಡ."

"ನೀವು?"

"ನಾ ಇಲ್ಲೇ ಇರ್ತೀನಿ."

ಹರಗೋಲು ತಿರುಗುತ್ತ ದೂರವಾಯಿತು. ಇನ್ನು ಅವಳು ಬೇಕೆಂದರೂ ಹೋಗುವಂತಿರಲಿಲ್ಲ.

ಮರಳಿ ಬಂದು ಬಾಗಿಲು ಬಡಿದಳು. "ತಿಮ್ಮವ್ವಾ, ಬಾಗಿಲು ತಗಿ!" ಬಡಿದಷ್ಟೂ ಒಳಗಿನವರು ಇನ್ನೂ ಒಳಕ್ಕೆ ಸರಿದಂತಾಯಿತು. ಆಗ ಅವಳಿಗೆ ಹೊಳೆಯಿತು. ಗುರುತಿಲ್ಲದ ಹೆಣ್ಣು ದನಿ. ಬಾಗಿಲಿಂದ ಬಾಗಿಲಿಗೆ ಬರುತ್ತಿದೆ. ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿದೆ. ಒಳಗಿನವರು ಯಾರಿಗೆ ಹೆದರಿ ಕೂತಿದ್ದಾರೋ, ಆಕೆ ತಾನೇ ಆಗಿದ್ದಳು.

ಜರೀನಾ ರಿಜಿಸ್ಟರ್ ಮುಚ್ಚಿದಳು. ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮೆಲ್ಲಗೆ, ಮನೆಯವರ ಹತ್ತಿರ ಮಾತಾಡಿದಂತೆ ಮಾತಾಡಿದಳು.

"ನನ್ನ ಹೆಸರು ಜರೀನಾ. ಪಿಂಜಾರರಾಕಿ. ನಮ್ಮವ್ವ ಹುಸೇನಮ್ಮ, ಗಾದಿ ಹೊಲಿತಾಳ. ನಮ್ಮಜ್ಜ ಇಮಾಮಸಾಬ ಬಿಲ್ಲು ಹೊತ್ಗೊಂಡು ಊರೂರು ತಿರುಗಿ ಹತ್ತಿ ಹಿಂಜತಿದ್ದ. ನಾ ದವಾಖಾನಿಂದ ಬಂದೀನಿ. ನಿಮ್ಮನ್ನ ಕರಿಯಂಗಿಲ್ಲ, ನೀವು ಓ ಅನ್ನಬ್ಯಾಡ್ರಿ. ಸುಮ್ನ ಬಾಗಿಲು ತಗೀರಿ, ಸಾಕು. ಉಳಿಸಾಕ ಬಂದೀನಿ."

ಆಮೇಲೆ, ಆ ಬಾಗಿಲಿಂದಲ್ಲ, ಅವಳು 'ಬೀಗ' ಎಂದು ಬರೆದಿದ್ದ ಮೊದಲ ಮನೆಯಿಂದ ಮುದಿದನಿಯೊಂದು ಕೇಳಿತು.

"ಬಿಲ್ಲಿನ ಇಮಾಮಣ್ಣನ ಮೊಮ್ಮಗಳೇನಬೇ? ಹೆಸರು ಹಿಡಿದು ಕರಿಯೋ ಆಕಿ ತನ್ನ ಹೆಸರು ಹೇಳಂಗಿಲ್ಲ. ಇದು ಮನಷ್ಯಾರ ಕೂಸು. ತಗೀರಿ."

ಐದನೇ ಬಾಗಿಲು ಒಂದು ಗೇಣು ತೆರೆಯಿತು. ತೆರೆದವಳು ಏಳೆಂಟು ವರ್ಷದ ಹುಡುಗಿ, ಹುಲಿಗೆಮ್ಮ. ಅವಳ ಹಿಂದೆ ನೆಲದ ಮೇಲೆ ತಾಯಿ ತಿಮ್ಮವ್ವ ಬಿದ್ದಿದ್ದಳು. ಕಣ್ಣು ಗುಳಿಬಿದ್ದು, ಬೆರಳುಗಳ ತೊಗಲು ಸುಕ್ಕುಗಟ್ಟಿತ್ತು. ಜರೀನಾ ಕೈ ಚಿವುಟಿದಳು. ಚಿವುಟಿದ ತೊಗಲು ಹಾಗೇ ನಿಂತಿತು.

ಆಮೇಲೆ ಅವಳು ಗಡಿಯಾರ ನೋಡಲಿಲ್ಲ. ಒಲೆ ಹಚ್ಚಿ ನೀರು ಕುದಿಸಿದಳು. ಚೀಲದಲ್ಲಿದ್ದ ಓಆರ್‌ಎಸ್ ಪೊಟ್ಟಣ ಕಲಸಿ ಚಮಚ ಚಮಚ ಕುಡಿಸಿದಳು. ಪೊಟ್ಟಣ ಮುಗಿದಾಗ ಉಪ್ಪು ಸಕ್ಕರೆ ಕಲಸಿದಳು. ಬಾಗಿಲುಗಳು ಒಂದೊಂದೇ ತೆರೆದವು. ಕೆಲವರು ಗೋಡೆ ಹಿಡಿದು ಬಂದರು. ಕೆಲವರ ಹತ್ತಿರ ಅವಳೇ ಹೋದಳು. ಎರಡು ಮನೆಗಳಲ್ಲಿ ಒಬ್ಬೊಬ್ಬರಂತೆ ಸೀರೆ ಹೊದಿಸಿ ಮಲಗಿಸಿದ್ದರು. ಅವರಿಗೆ ಕುಡಿಸುವುದು ಏನೂ ಉಳಿದಿರಲಿಲ್ಲ.

ಹುಲಿಗೆಮ್ಮ ಅವಳ ಹಿಂದೆಯೇ ಚೊಂಬು ಹಿಡಿದು ತಿರುಗುತ್ತಿದ್ದಳು. ಒಮ್ಮೆ ತಾನಾಗಿ ಹೇಳಿದಳು. "ಅಕ್ಕಾ, ನೀ ಮೊದಲು ಬಂದಾಗ ನಾ ಬಾಗಿಲ ಹಿಂದ ನಿಂತಿದ್ದೆ. ನೀ ಬರಿಯೋ ಸಪ್ಪಳ ಕೇಳಸ್ತು. ಅವ್ವ ನರಳಾಕ ಹತ್ತಿದ್ಲು. ನಿನಗ ಕೇಳಬಾರದಂತ ಆಕಿ ಬಾಯಿ ನಾನೇ ಒತ್ತಿ ಹಿಡಿದಿದ್ದೆ."

ಜರೀನಾ ಚಮಚ ಕೆಳಗಿಟ್ಟಳು. ಆ ಪುಟ್ಟ ಕೈಗಳನ್ನು ಹಿಡಿದುಕೊಂಡಳು.

ನಾಲ್ಕು ಗಂಟೆಗೆ ಮೂರು ಹರಗೋಲು ಬಂದವು. ಡಾಕ್ಟರು, ಸೂಗಮ್ಮ, ಸಲೈನ್ ಬಾಟಲಿಗಳು. ದುರುಗಪ್ಪ ಈಗ ಗಡ್ಡೆಗೆ ಇಳಿದ. ಇಳಿದವನು ಎಲ್ಲೂ ನೋಡದೆ ನೆಟ್ಟಗೆ ಆಪಿನ ಕಡೆ ನಡೆದ. ಅಲ್ಲಿ, ನೀರಂಚಿನಲ್ಲಿ, ತಿಮ್ಮವ್ವನ ಗಂಡ ಹೆಣವಾಗಿ ಬೋರಲು ಬಿದ್ದಿದ್ದ. ಹಿಂದಿನ ದಿನ ತೆವಳಿಕೊಂಡು ಅಷ್ಟು ದೂರ ಬಂದು ಅಂಬಿಗನನ್ನು ಕರೆದಿದ್ದ. ಎರಡನೇ ಸಲ ಕರೆಯುವ ಶಕ್ತಿ ಇರಲಿಲ್ಲ.

ದುರುಗಪ್ಪ ಅವನ ಪಕ್ಕದಲ್ಲಿ ಕೆಸರಲ್ಲೇ ಕೂತುಬಿಟ್ಟ. "ಒಂದು ಸಲ ಓ ಅಂದಿದ್ರ ಆಗತಿತ್ತು," ಅಂದ. "ಒಂದೇ ಒಂದು ಸಲ." ಅದನ್ನೇ ಹೇಳುತ್ತ ಕತ್ತಲಾಗುವ ತನಕ ಅಲ್ಲೇ ಇದ್ದ.

ಜರೀನಾ ರಸ್ತೆಗೆ ಬಂದಾಗ ಏಳು ಗಂಟೆ. ಫೋನು ಒಮ್ಮೆ ಗುಂಯ್‌ಗುಟ್ಟಿತು. ಹನ್ನೆರಡಕ್ಕೆ ಬಂದ ಮೇಲ್: ನೀವು ಆಯ್ಕೆಯಾಗಿದ್ದೀರಿ. ಐದೂಕಾಲಕ್ಕೆ ಬಂದ ಮೇಲ್: ಒಪ್ಪಿಗೆ ಬಾರದ ಕಾರಣ ಸೀಟು ಬೇರೆಯವರಿಗೆ ಹೋಗಿದೆ. ನಡೆದದ್ದನ್ನೆಲ್ಲ ಬರೆದು ಕಳಿಸಿದಳು. ಮರುದಿನ ಎರಡು ಸಾಲಿನ ಉತ್ತರ ಬಂತು. ನಿಮ್ಮ ಕೆಲಸಕ್ಕೆ ಗೌರವವಿದೆ. ನಿಯಮ ಮೀರಲಾಗದು, ಮುಂದಿನ ವರ್ಷ ಅರ್ಜಿ ಹಾಕಿರಿ.

ಅವಳು ಲಸಿಕೆಯ ಪೆಟ್ಟಿಗೆಗಳ ಪಕ್ಕ ಕೂತು ಬಿಕ್ಕಿಬಿಕ್ಕಿ ಅತ್ತಳು. ಸೂಗಮ್ಮ ಸಮಾಧಾನದ ಮಾತು ಆಡಲಿಲ್ಲ. ತಲೆ ಸವರಿ, "ಅತ್ತು ಹಗುರಾಗವ್ವ. ಆಮ್ಯಾಲೆ ಬಾ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಬೇಕು," ಎಂದರು.

ಜರೀನಾ ಕಣ್ಣೊರೆಸಿಕೊಂಡು ಹೋದಳು. ಮರುವರ್ಷ ಮತ್ತೆ ಅರ್ಜಿ ಹಾಕಿದಳು. ಮತ್ತೆ ಕಾಯಿಸಿದರು, ಈ ಸಲ ಆರು ವಾರ. ಕಾಯುವ ಸಂಕಟವೇನೂ ಕಡಿಮೆಯಾಗಿರಲಿಲ್ಲ. ಆದರೆ ಆ ಆರು ವಾರದಲ್ಲಿ ಗಡ್ಡೆಯ ಬಾವಿಗೆ ಎತ್ತರದ ಕಟ್ಟೆ ಎದ್ದಿತು, ಪ್ರತಿ ಮನೆಯಲ್ಲೂ ನೀರು ಕುದಿಸುವ ರೂಢಿ ಬಂತು. ಕೊನೆಗೆ ಅವಳಿಗೆ ಸೀಟೂ ಸಿಕ್ಕಿತು.

ಪಟ್ಟಿಯಲ್ಲಿ ಅವಳ ಹೆಸರು ಒಂದು ವರ್ಷ ತಡವಾಗಿ ಬಂತು. ಗೋನಗಡ್ಡಿಯ ಮೂವತ್ತೈದು ಮಂದಿ ಆ ಒಂದು ವರ್ಷವನ್ನು ಬದುಕಿದರು.

ನೀತಿ: ನಮ್ಮನ್ನು ಯಾರೋ ಕರೆಯಲಿ ಎಂದು ಕಾಯುವುದು ತಪ್ಪಲ್ಲ. ಆದರೆ ಆ ಕರೆಗೆ ಕಿವಿಗೊಟ್ಟು ಕೂತು, ನಮ್ಮನ್ನು ಈಗಲೇ ಕರೆಯುತ್ತಿರುವವರಿಗೆ ಕಿವುಡಾಗಬಾರದು. ಕಳೆದ ಅವಕಾಶ ಇನ್ನೊಮ್ಮೆ ಬಂದೀತು. ಕಳೆದ ಜೀವ ಬರುವುದಿಲ್ಲ.