ಅಳಿಲು ಕೂಗು ನಿಲ್ಲಿಸದ ಕಾರಣ

ಭೂಮಿ ಹೊಸದಾಗಿದ್ದ ಕಾಲ. ಹಸಿಮಣ್ಣಿನ ಮೇಲೆ ದೇವರ ಕೈಗುರುತು ಇನ್ನೂ ಆರಿರಲಿಲ್ಲ. ಹೊಳೆದಂಡೆಯ ಅತ್ತಿಮರದಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಕೊಟ್ಟಿದ್ದ ಆ ತಂದೆ. ಕಾವಲು ಅಳಿಲವ್ವನದು.

ಅವಳಿಗಿದ್ದದ್ದು ಒಂದೇ ಕೂಗು: “ಚಿಕ್!” ಕೂಗಿದ ಮೇಲೆ ಅಪಾಯ ಎಲ್ಲಿಂದ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಮೇಲಿಂದ ಗಿಡುಗ ಬಂದರೆ ಪೊಟರೆಯಲ್ಲಿ ಅಡಗಬೇಕು. ಕೆಳಗಿಂದ ಬೆಕ್ಕು ಹತ್ತಿದರೆ ಪೊಟರೆ ಬಿಟ್ಟು ಹಾರಬೇಕು.

ಒಂದು ದಿನ ಗಿಡುಗನ ನೆರಳು ಬಿತ್ತು. ಅಳಿಲವ್ವ “ಚಿಕ್!” ಅಂದಳು. ಅಂದವಳೇ ಕೈಯಲ್ಲಿದ್ದ ಅತ್ತಿಹಣ್ಣನ್ನು ಬಾಯಿಗೆ ತುರುಕಿಕೊಂಡಳು.

ಪೊಟರೆಯಿಂದ ಎರಡು ಮರಿಗಳ ತಾಯಿ ಗೊರವಂಕಮ್ಮ ಕೇಳಿದಳು, “ಮೇಲೋ ಕೆಳಗೋ? ಹೇಳವ್ವಾ!”

“ಇರವ್ವಾ, ನುಂಗ್ತೀನಿ.”

ಕಾಯಲು ತಾಯಿಜೀವ ಒಪ್ಪೀತೆ? ಬೆಕ್ಕೇ ಇರಬೇಕೆಂದು ಗೊರವಂಕಮ್ಮ ದೊಡ್ಡ ಮರಿಯನ್ನು ಹೊರಕ್ಕೆ ಹಾರಿಸಿದಳು. ಗಿಡುಗ ಅದನ್ನು ಗಾಳಿಯಲ್ಲೇ ಎತ್ತಿಕೊಂಡು ಹೋಯಿತು.

ಅಳಿಲವ್ವನ ಬಾಯಲ್ಲಿದ್ದ ಹಣ್ಣು ಮಣ್ಣಾಯಿತು.

ಗೊರವಂಕಮ್ಮ ಬೈಯಲಿಲ್ಲ. “ಹಣ್ಣು ರುಚಿಯಾಗಿತ್ತೇನವ್ವಾ?” ಅಂದಳು, ಅಷ್ಟೇ.

ಅಂದಿನಿಂದ ಅಳಿಲವ್ವ ಯಾರ ಕಣ್ಣಿಗೂ ಬೀಳಲೊಲ್ಲಳು. ಯಾರಾದರೂ ಈಚೆ ಬಂದರೆ ಅವಳು ಕಾಂಡದ ಆಚೆ.

“ಎಷ್ಟು ದಿನ ಹೀಗೆ ಮರ ಸುತ್ತುತ್ತೀಯೆ ತಾಯಿ?” ಎಂದು ಗಾಳಿ ಕೇಳಿತು.

“ಮುಖ ತೋರಿಸೋ ಹಾಗಿಲ್ಲ, ಗಾಳಿಯಪ್ಪ.”

“ನಿನ್ನ ಮುಖ ಯಾರಿಗೆ ಬೇಕಾಗಿದೆ? ಆ ಪೊಟರೇಲಿ ಇನ್ನೊಂದು ಮರಿ ಇದೆ. ಕೂಗೋದು ಕಲಿ.”

ಅಳಿಲವ್ವ ಕೂತು ಕಲಿತಳು. ಮೇಲಿಂದ ಬಂದರೆ ಒಂದೇ ಒಂದು ಚೂಪು “ಚೀ!” ಕೆಳಗಿಂದ ಬಂದರೆ “ಚಿಕ್ ಚಿಕ್ ಚಿಕ್.” ಗೂಡುಗೂಡಿಗೂ ಹೋಗಿ, ತಲೆ ತಗ್ಗಿಸಿ ಹೇಳಿಬಂದಳು. ಗೊರವಂಕಮ್ಮ ಮಾತ್ರ ಬೆನ್ನು ತಿರುಗಿಸಿ ಕೂತಳು.

ಒಂದು ಮಧ್ಯಾಹ್ನ ಬೆಕ್ಕು ಮರಕ್ಕೆ ಉಗುರು ಹಾಕಿತು.

“ಚಿಕ್ ಚಿಕ್ ಚಿಕ್!”

ಪೊಟರೆಯಿಂದ ಯಾರೂ ಹಾರಲಿಲ್ಲ. ನಂಬಿಕೆ ಕಳಕೊಂಡವಳ ಮಾತು ಯಾರು ಕೇಳುತ್ತಾರೆ? ಬೆಕ್ಕು ಅರ್ಧ ಮರ ಹತ್ತಿತು. ಅಳಿಲವ್ವ ಓಡಲಿಲ್ಲ. ಕೂಗಿಗೊಮ್ಮೆ ಬಾಲ ಒದರುತ್ತಾ, ಬೆಕ್ಕಿನ ಎದುರೇ ನಿಂತು ಕೂಗಿದಳು. “ಚಿಕ್ ಚಿಕ್ ಚಿಕ್!”

ಕೊನೆಗೆ ಗೊರವಂಕಮ್ಮ ಮರಿಯೊಡನೆ ಪುರ್ರನೆ ಹಾರಿದಳು. ಬೆಕ್ಕು ಬರಿಪೊಟರೆ ಮೂಸಿ, ಇಳಿದುಹೋಯಿತು.

ಅಳಿಲವ್ವ ನಿಲ್ಲಿಸಲಿಲ್ಲ.

“ಸಾಕು ಬಿಡವ್ವಾ, ಅದು ಹೋಯ್ತು,” ಅಂದಳು ಗೊರವಂಕಮ್ಮ.

ಅಳಿಲವ್ವ ಅವಳ ಮುಖ ನೋಡಲಾರದೆ ಹೇಳಿದಳು, “ಕೇಳಿಸದವರು ಯಾರಾದರೂ ಉಳಿದಿದ್ದರೆ?”

ಅದಕ್ಕೇ ಮಗೂ, ನಮ್ಮ ಹಿತ್ತಿಲ ಗೋಡೆಯಿಂದ ಬೆಕ್ಕು ಇಳಿದುಹೋಗಿ ಎಷ್ಟು ಹೊತ್ತಾದರೂ ಅಳಿಲು ಬಾಲ ಒದರುತ್ತಾ ಇನ್ನೂ ಕೂಗುತ್ತಲೇ ಇರುತ್ತದೆ.