ಬೆಂಚಿಗೆ ಬಂದ ಚರಂಡಿ ಶುಲ್ಕ

ಒಂದೂರಿನ ಪುರಸಭೆ ಕಚೇರಿಯ ಎದುರಿಗೇ ಒಂದು ಸಣ್ಣ ಹೋಟೆಲು. ಹೊರಗೆ ಹೊಂಗೆ ಮರದಡಿ ಎರಡು ಉದ್ದ ಬೆಂಚು. ಆ ಬೆಂಚುಗಳಿಗೆಂದೇ ಒಬ್ಬ ಸಪ್ಲೈಯರ್ ಇದ್ದ.

ಒಂದು ಬೆಳಿಗ್ಗೆ ಪುರಸಭೆಯ ಇಂಜಿನಿಯರ್ ಪರಮಶಿವಯ್ಯನವರು ಟೇಪು ಹಿಡಿದು ಬಂದರು. "ಹೊರಗೆ ಎಂಟು ಜನ ಕೂತು ತಿಂದರೆ ಒಳಚರಂಡಿಗೆ ಎಂಟು ಜನರ ಭಾರ ಹೆಚ್ಚು. ಶುಲ್ಕ ಕಟ್ಟಿ, ಇಲ್ಲವೇ ಬೆಂಚು ಎತ್ತಿ," ಅಂದರು.

ಮಾಲೀಕ ಸಪ್ಲೈಯರ್ ಕಡೆ ತಿರುಗಿದ. "ಬೆಂಚು ಹೋದರೆ ನಿನಗೂ ಇಲ್ಲಿ ಕೆಲಸ ಇಲ್ಲಪ್ಪಾ."

ಸಪ್ಲೈಯರ್ ಮುಂದೆ ಬಂದ. "ಸಾರ್, ಹೊರಗೆ ಕೊಡೋದು ಬಾಳೆಲೆಯಲ್ಲಿ. ಎಲೆ ಹಸು ತಿನ್ನುತ್ತೆ. ಕೈ ತೊಳೆದ ನೀರು ಮರದ ಬುಡಕ್ಕೆ. ಚರಂಡಿಗೆ ಏನು ಹೋಯ್ತು?"

"ಪೆದ್ದ! ತಿಂದದ್ದು ಹೊಟ್ಟೆಯಲ್ಲೇ ಇರುತ್ತೇನಯ್ಯಾ? ಎಲ್ಲಿಗಾದರೂ ಹೋಗಲೇಬೇಕಲ್ಲ!"

"ಹಾಗಾದರೆ ಹೋದ ಕಡೆ ಶುಲ್ಕ ಹಾಕಿ ಸಾರ್. ನಮ್ಮಲ್ಲಿ ಕಕ್ಕಸಿಲ್ಲ. ಇಲ್ಲಿ ಕೂತಿರೋ ಎಂಟು ಜನವೂ ನಿಮ್ಮ ಕಚೇರಿಯವರೇ. ಹಾಜರಿ ಹಾಕಿ ಬರ್ತಾರೆ, ಇಡ್ಲಿ ತಿಂತಾರೆ, ಸ್ಟ್ರಾಂಗ್ ಕಾಫಿ ಕುಡೀತಾರೆ. ಆಮೇಲೆ ಎಲ್ಲಿಗೆ ಓಡ್ತಾರೆ ಅಂತ ನೀವೇ ನೋಡಿ."

ಬೆಂಚಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಅಷ್ಟರಲ್ಲಿ ಬಿಲ್ ಕಲೆಕ್ಟರ್ ಲೋಟ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ಪುರಸಭೆಯತ್ತ ಓಟ ಕಿತ್ತ. ಹಿಂದೆಯೇ ಇನ್ನಿಬ್ಬರು.

ಇಂಜಿನಿಯರ್ ಟೇಪು ಸುತ್ತಿದರು. "ನಮ್ಮ ಕಚೇರಿಗೇ ನೋಟಿಸ್ ಕೊಟ್ಟರೆ ಸಾಹೇಬರು ನನ್ನ ಸುಮ್ಮನೆ ಬಿಡ್ತಾರೇನಯ್ಯಾ?" ಅಂತ ಗೊಣಗುತ್ತ ಖಾಲಿಯಾದ ಜಾಗದಲ್ಲಿ ಕೂತರು. "ಹೋಗ್ಲಿ, ಒಂದು ಕಾಫಿ ಕೊಡು."

"ಸ್ಟ್ರಾಂಗಾ ಸಾರ್?"

ಇಂಜಿನಿಯರ್ ಕಚೇರಿಯ ಕಡೆ ಒಮ್ಮೆ ನೋಡಿದರು.

"ಬೇಡ, ಲೈಟಾಗಿರಲಿ. ಅಲ್ಲಿ ಈಗ ಮೂರು ಜನ ಮುಂದಿದ್ದಾರೆ."