ತಿಪ್ಪ ಮನೆ ಕೊಡಿಸಿದ್ದು

ನಮ್ಮ ಮನೆಯಾಕೆ ಹೇಳುತ್ತಿದ್ದ ಕತೆ. ಅವಳಷ್ಟು ಚೆಂದ ನನಗೆ ಬರಲ್ಲ. ಆದರೂ ಕೇಳಿ.

ಮಾರಕ್ಕನಿಗೆ ಒಬ್ಬನೇ ಮಗ, ತಿಪ್ಪ. ಪೆದ್ದ. ಇರೋದು ಸೋರುವ ಬಾಡಿಗೆ ಗುಡಿಸಲು. ಸಾಯೋದರೊಳಗೆ ಸೋರದ ಸೂರಿನಡಿ ಒಂದು ಮಳೆಗಾಲ ಮಲಗಬೇಕು. ಅಷ್ಟೇ ಅವಳ ಆಸೆ.

ಕೆರೆಯಾಚೆ ರುದ್ರಜ್ಜ ಮನೆ ಮಾರ್ತಿದ್ದ. ಮಾರಕ್ಕ ಮೇಸ್ತ್ರಿಯನ್ನು ಕಳಿಸಿ ನೋಡಿಸಿದಳು.

"ಅಡುಗೆಮನೆ ಹೆಂಚು ಸೋರ್ತದೆ. ಹೊಸ್ತಿಲಿಗೆ ಗೆದ್ದಲು. ಮಾತಾಡಿ ತಗೊಳ್ಳಕ್ಕ" ಅಂದ ಮೇಸ್ತ್ರಿ.

ಮಾರಕ್ಕನಿಗೆ ಮಂಡಿನೋವು. ತಿಪ್ಪನೇ ಹೋಗಬೇಕು!

"ಹೊಗಳಬೇಡ ಮಗ. ಕಂಡಿದ್ದಕ್ಕೆಲ್ಲ ಕೊಂಕು ತೆಗಿ."

ಹೋದ. ಅಜ್ಜಿ ಮಜ್ಜಿಗೆ ಕೊಟ್ಟಳು. "ಹುಳಿ!" ಅಂದ. ಅಜ್ಜ ಮೊಮ್ಮಗಳನ್ನು ತೋರಿಸಿದ. "ಮೂಗು ಸೊಟ್ಟ!" ಅಂದ. ಅಜ್ಜ ಕೋಲು ತಗೊಂಡ. ತಿಪ್ಪ ಅವ್ವನ ಹತ್ತಿರ ಓಡಿಬಂದ.

"ಅಯ್ಯೋ ನನ್ನ ಹಣೆಬರವೇ! ಇನ್ನೊಬ್ಬರ ಮನೇಲಿ 'ಭಾಳ ಚೆನ್ನಾಗೈತೆ' ಅನ್ನಬೇಕು ಕಣೋ!"

ಮತ್ತೆ ಹೋದ. ಅಜ್ಜನ ಸಿಟ್ಟು ಇಳಿದಿತ್ತು.

"ನೋಡಪ್ಪ, ಇಲ್ಲಿ ಸೋರ್ತದೆ."

"ಭಾಳ ಚೆನ್ನಾಗೈತೆ!"

"ಇಲ್ಲಿ ಗೆದ್ದಲು."

"ಭಾಳ ಚೆನ್ನಾಗೈತೆ!"

"ಸರಿ ಮಾಡಿಸಿಕೊಡ್ಲಾ?"

"ಬೇಡಜ್ಜ. ಇಷ್ಟು ಚೆನ್ನಾಗಿರೋದನ್ನ ಯಾಕೆ ಕೆಡಿಸ್ತೀಯ?"

ಮಾರಕ್ಕ ಅತ್ತೇಬಿಟ್ಟಳು. "ಅಜ್ಜ ಮಾತು ತೆಗೆದರೆ ಎದ್ದು ಹೊರಟುಬಿಡು! ಕರೀತಾರೆ. ಯಾರು ಕರೆದರೂ ತಿರುಗಬೇಡ, ನಿಲ್ಲಬೇಡ."

ಹೋದ. "ಬಾರಪ್ಪ ತಿಪ್ಪ" ಅಂದ ಅಜ್ಜ. ತಿಪ್ಪ ಹೊರಟ.

"ಹೊಸ ಹೆಂಚು ಹೊದಿಸ್ತೀನಿ ಕಣೋ!"

ನಡೆದ.

"ಹೊಸ್ತಿಲೂ ಹೊಸದು!"

ನಡೆದ.

"ಹಿತ್ತಲ ನುಗ್ಗೆಮರಾನೂ ನಿಂದೇ! ನಿಲ್ಲೋ ಮಾರಾಯ!"

ನಡೆದ. ಹಿಂದೆ ಅಜ್ಜ, ಎಲೆಅಡಿಕೆ ತಟ್ಟೆ ಹಿಡಕೊಂಡು, ಏದುಸಿರು ಬಿಡುತ್ತಾ. ಗುಡಿಸಲ ಮುಂದೆ ಮಾರಕ್ಕ ನಿಂತಿದ್ದಳು. ಅಜ್ಜ ತಟ್ಟೆ ಅವಳ ಕೈಗಿಟ್ಟ. ಎಲೆಅಡಿಕೆ ಕೈ ಸೇರಿದರೆ ಮಾತು ಮುಗಿದಂಗೆ.

"ಮಗನೇ, ನಿನ್ನಿಂದ ನನಗೊಂದು ಸೂರಾಯ್ತಲ್ಲೋ! ಬಾರೋ!"

ತಿಪ್ಪ ತಿರುಗಲಿಲ್ಲ. ನಡೆದೇ ನಡೆದ.

ಹೆಂಚು ಹೊದಿಸಿದರು. ಹೊಸ್ತಿಲು ಕೂರಿಸಿದರು. ಮಾರಕ್ಕ ಹಾಲುಕ್ಕಿಸಿದಳು. ತಿಪ್ಪ ಕೆರೆ ಸುತ್ತುತ್ತಲೇ ಇದ್ದ.

ಮಳೆ ಬಂತು. ಒಳಗೆ ಒಂದು ಹನಿ ಇಲ್ಲ! ಮಾರಕ್ಕ ಸೂರು ನೋಡಿ ಕೈ ಮುಗಿದಳು. ಅಷ್ಟರಲ್ಲಿ ಬಾಗಿಲ ಮುಂದೆ ತಿಪ್ಪ, ತೊಪ್ಪೆಯಾಗಿ.

"ನೀನೇ ಕೊಡಿಸಿದ ಮನೆ ಕಣಪ್ಪ, ಒಳಗೆ ಬಾ!"

"ನಾನು ನಿಲ್ಲಲ್ಲವ್ವ! ಕರೀತಾನೇ ಇರು. ಪಕ್ಕದ ಮನೇನೂ ಕೊಡ್ತಾರೆ!"

ಹೋಗೇಬಿಟ್ಟ.

ಮಳೇಲಿ ನಿಮಗೆ ಎದುರಾದರೆ ಒಂದು ತುತ್ತು ಕೊಡಿ. ಹಿಂದಿನಿಂದ ಮಾತ್ರ ಕರೀಬೇಡಿ.